ಲೆಕ್ಸಸ್ ಎಲ್‌ಎಫ್‌ಎ ಮರಳಿ ಬರ್ತಿದೆ ಸರಿ, ಬಾನೆಟ್ ಕೆಳಗೆ ವಿ8 ಇರುತ್ತಾ?

ತಿರುವುದಾರಿ (ಪ್ರಶ್ನೆ):

2025ರ ಡಿಸೆಂಬರ್‌ನಲ್ಲಿ ಟೊಯೊಟಾದವರು ಜಿಆರ್ ಜಿಟಿ, ಅದರ ರೇಸ್ ರೂಪ ಜಿಆರ್ ಜಿಟಿ3, ತಮ್ಮ ಐಷಾರಾಮಿ ಬ್ರಾಂಡ್ ಲೆಕ್ಸಸ್‌ನ ಎಲ್‌ಎಫ್‌ಎ ಕಾನ್ಸೆಪ್ಟ್ (ಮಾದರಿ ಕಾರು) ಮೂರನ್ನೂ ಒಟ್ಟಿಗೆ ತೋರಿಸಿದರಲ್ಲ. ಮೊದಲ ಎರಡಕ್ಕೆ ವಿ8, ಅಂದರೆ ಎಂಟು ಸಿಲಿಂಡರ್‌ನ ಪೆಟ್ರೋಲ್ ಎಂಜಿನ್. ಎಲ್‌ಎಫ್‌ಎ ಮಾತ್ರ ಪೂರ್ತಿ ಎಲೆಕ್ಟ್ರಿಕ್ ಅಂತ ಕಂಪನಿಯೇ ಹೇಳಿದೆ. ಆದರೂ ವಿಡಿಯೊ ಮಾಡುವವರು ಬಿಡ್ತಿಲ್ಲ: "ಅಡಿಪಾಯ ಒಂದೇ, ಲೆಕ್ಸಸ್‌ಗೂ ವಿ8 ಬಂದೇ ಬರುತ್ತೆ, ಟ್ರ್ಯಾಕ್ ಸದ್ದು ಕೇಳಿ." ನಿಜವಾಗಿ ವಿ8 ಕೂರಿಸೋಕೆ ಅಡ್ಡಿ ಏನಾದರೂ ಇದೆಯಾ? ಆ ಸದ್ದಿನಿಂದ ಏನಾದರೂ ತಿಳಿಯುತ್ತಾ? ಬೆಂಗಳೂರಿಗೆ ತರಿಸಿದರೆ ತೆರಿಗೆ ಎಷ್ಟು ಬೀಳುತ್ತೆ ಅನ್ನೋದನ್ನೂ ಯಾರಾದರೂ ಬಿಡಿಸಿ ಹೇಳಿ.

ಟಾರ್ಕ್‌ಟ್ಯೂಬ್:

ಮೊದಲು ಅಳತೆ ನೋಡಿ. ಜಿಆರ್ ಜಿಟಿ ಉದ್ದ 4,820 ಮಿ.ಮೀ, ಎತ್ತರ 1,195, ವೀಲ್‌ಬೇಸ್ (ಮುಂಚಕ್ರ, ಹಿಂಚಕ್ರಗಳ ನಡುವಿನ ಅಂತರ) 2,725. ಎಲ್‌ಎಫ್‌ಎ ಕಾನ್ಸೆಪ್ಟ್‌ನ ಎತ್ತರವೂ 1,195, ವೀಲ್‌ಬೇಸೂ 2,725. ಉದ್ದ ಮಾತ್ರ 4,690. ಅಂದರೆ ಅಲ್ಯೂಮಿನಿಯಂ ಎಲುಬು (ಚೌಕಟ್ಟು) ಒಂದೇ, ಚಕ್ರದ ಆಚೆ ಚಾಚಿದ ಮೂತಿ ಮತ್ತು ಹಿಂಭಾಗದಲ್ಲಿ ಸೇರಿ 130 ಮಿ.ಮೀ ಕತ್ತರಿಸಿದ್ದಾರೆ.

ಎರಡು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ವಿ8ಗೆ ಎಂಜಿನ್ ಕೂರುವ ಜಾಗ ಇದ್ದರೆ ಸಾಲದು. ಮುಂದೆ ರೇಡಿಯೇಟರ್, ಆ ಗಾಳಿ ತಣಿಸೋಕೆ ಎರಡು ಇಂಟರ್‌ಕೂಲರ್, ಆಯಿಲ್ ಕೂಲರ್ ಬೇಕು. ಜಿಆರ್ ಜಿಟಿಯ 4.0 ಲೀಟರ್ ಎಂಜಿನ್‌ನಲ್ಲಿ ಟರ್ಬೊಗಳು ಸಿಲಿಂಡರ್‌ಗಳ ಎರಡು ಸಾಲು ಸೇರಿ ಆಗುವ 'ವಿ' ನಡುವೆ ಕೂತಿವೆ. ಅಗಲ ಉಳಿಯುತ್ತೆ, ಶಾಖವೆಲ್ಲ ಬಾನೆಟ್ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಅದನ್ನು ಹೊರಗೆ ಬಿಡೋಕೆ ಬಾನೆಟ್ ಮೇಲೆ, ಫೆಂಡರ್ ಹಿಂದೆ ದೊಡ್ಡ ಬಾಯಿಗಳು ಬೇಕೇ ಬೇಕು. ಕಾನ್ಸೆಪ್ಟ್‌ನ ನುಣುಪು ಮೈ ನೋಡಿದರೆ ಈ ಆಕಾರವನ್ನು ವಿ8ಗೆ ಅಂತ ಬರೆದಿಲ್ಲ ಅನ್ನೋದು ನನ್ನ ತೀರ್ಮಾನ. ಎಲುಬಿನ ಮಟ್ಟದಲ್ಲಿ ಅಡ್ಡಿ ಇಲ್ಲ. ಮೂತಿ ಉದ್ದ ಮಾಡಿ, ಮೈಯನ್ನು ಹೊಸದಾಗಿ ಕೊರೆದರೆ ಎಂಜಿನ್ ಕೂರುತ್ತೆ. ಆಗ ಅದು ಲೆಕ್ಸಸ್ ಲೋಗೊ ಹಾಕಿದ ಜಿಆರ್ ಜಿಟಿ ಆಗುತ್ತೆ, ಅದೇ ಅಂಗಡಿಯ ಎರಡು ಕಾರು ಒಂದೇ ಗಿರಾಕಿಗಾಗಿ ಕಿತ್ತಾಡಬೇಕು.

ಬ್ಯಾಟರಿ ಕಡೆಯೂ ಸಲೀಸಲ್ಲ. ಜಿಆರ್ ಜಿಟಿಗೆ ಕಂಪನಿ ಇಟ್ಟುಕೊಂಡ ಗುರಿ 1,750 ಕೆ.ಜಿ ಒಳಗೆ, ಕನಿಷ್ಠ 650 ಪಿಎಸ್ ಶಕ್ತಿ, 850 ನ್ಯೂಟನ್ ಮೀಟರ್ ಟಾರ್ಕ್, ತೂಕ ಮುಂದೆ 45%, ಹಿಂದೆ 55%. ಈಗ 90 ಕಿಲೋವ್ಯಾಟ್-ಅವರ್ ಬ್ಯಾಟರಿ ಲೆಕ್ಕ ಹಾಕಿ. ಪ್ಯಾಕ್ ಕಿಲೋಗೆ 170 ವ್ಯಾಟ್-ಅವರ್ ಕೊಟ್ಟರೂ ಸುಮಾರು 530 ಕೆ.ಜಿ. ಎಂಜಿನ್, ಎಕ್ಸಾಸ್ಟ್, ಪೆಟ್ರೋಲ್ ಟ್ಯಾಂಕ್ ಕಳೆದರೂ ಮೋಟರ್, ಇನ್ವರ್ಟರ್ ಸೇರುತ್ತವಲ್ಲ, 1,750ರಲ್ಲಿ ನಿಲ್ಲಿಸೋದು ಕಷ್ಟ.

ಅದಕ್ಕಿಂತ ದೊಡ್ಡ ತಲೆನೋವು ಎತ್ತರ. ಮಾಮೂಲಿ ಎಲೆಕ್ಟ್ರಿಕ್ ಕಾರಿನ (ಇವಿ) ಹಾಗೆ ಬ್ಯಾಟರಿಯನ್ನು ಕಾಲಡಿ ಹಾಸಿದರೆ ಸೀಟು 110ರಿಂದ 150 ಮಿ.ಮೀ ಮೇಲೇರುತ್ತೆ. 1,195 ಎತ್ತರದ ಕಾರಲ್ಲಿ ಹೆಲ್ಮೆಟ್ ಹಾಕಿದ ತಲೆ ಆಗ ಸೂರಿಗೆ ತಾಗುತ್ತೆ. ಹಾಗಾಗಿ ಸೆಲ್‌ಗಳನ್ನು ನಡುವಿನ ಸುರಂಗದಲ್ಲಿ, ಸೀಟಿನ ಹಿಂದೆ, ಎಂಜಿನ್ ಇರಬೇಕಿದ್ದ ಜಾಗದಲ್ಲಿ ಹಂಚಬೇಕು. ರಿಮಾಕ್ ನೆವೆರಾ ಅನ್ನೋ ಎಲೆಕ್ಟ್ರಿಕ್ ಸೂಪರ್‌ಕಾರಲ್ಲಿ 120 ಕಿಲೋವ್ಯಾಟ್-ಅವರ್ ಪ್ಯಾಕನ್ನು ಹೀಗೇ ಕಾಲಡಿ ತಪ್ಪಿಸಿ ಜೋಡಿಸಿದ್ದಾರೆ. ಆ ಕಾರಿನ ತೂಕ 2,300 ಕೆ.ಜಿ ಆಸುಪಾಸು ಅನ್ನೋದೂ ಗಮನಿಸಿ. ಎಲ್‌ಎಫ್‌ಎ ಕಾನ್ಸೆಪ್ಟ್‌ಗೆ ಎಂಜಿನ್ ಇಲ್ಲದಿದ್ದರೂ ಬಾನೆಟ್ ಉದ್ದ ಇರೋದು ಬರೀ ಅಂದಕ್ಕೆ ಅಂತ ನಾನು ನಂಬಲ್ಲ.

ಹರ್ಟ್ಜ್‌ಲೆಕ್ಕ:

ಸದ್ದಿನ ವಿಷಯ ನಂಬೋದಲ್ಲ, ಅಳೆಯೋದು. ಫೋನಲ್ಲಿ ಸ್ಪೆಕ್ಟ್ರೋಗ್ರಾಮ್ (ಸದ್ದಿನ ಕಂಪನಗಳನ್ನು ಗೆರೆಗಳಾಗಿ ತೋರಿಸುವ) ಆ್ಯಪ್ ಇದ್ದರೆ ಸಾಕು.

ನಾಲ್ಕು ಸ್ಟ್ರೋಕ್ ಎಂಜಿನ್‌ನ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತೆ. ವಿ8ನಲ್ಲಿ ಒಂದು ಸುತ್ತಿಗೆ 4 ಉರಿ. ಆದ್ದರಿಂದ ಸ್ಪೆಕ್ಟ್ರೋಗ್ರಾಮ್‌ನಲ್ಲಿ ದಪ್ಪಗೆ ಕಾಣುವ ಗೆರೆಯ ಹರ್ಟ್ಜನ್ನು 15ರಿಂದ ಗುಣಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. ವಿ6 ಆದರೆ 20ರಿಂದ, ವಿ10 ಆದರೆ 12ರಿಂದ. ಗೇರ್ ಮೇಲೆ ಬದಲಾಗುವ ಕ್ಷಣಕ್ಕಿಂತ ತುಸು ಮುಂಚಿನ ಗೆರೆ ಹಿಡಿಯಿರಿ. 450 ಹರ್ಟ್ಜ್ ಸಿಕ್ಕಿತು ಅಂದುಕೊಳ್ಳಿ: ವಿ8 ಆದರೆ 6,750 ಆರ್‌ಪಿಎಂ, ನಂಬುವ ಸಂಖ್ಯೆ. ವಿ6 ಆದರೆ 9,000, ಟರ್ಬೊ ರೋಡ್ ಕಾರಿಗೆ ಅದು ಹೆಚ್ಚಾಯ್ತು. "ಹಳೇ ಎಲ್‌ಎಫ್‌ಎ ವಿ10 ಸದ್ದೇ ಇದು" ಅನ್ನುವವರಿಗೆ ಒಂದು ಮಾತು: ಆ 4.8 ಲೀಟರ್ ಎಂಜಿನ್ 9,000ಕ್ಕೆ ತಿರುಗುವಾಗ ಗೆರೆ 750 ಹರ್ಟ್ಜ್‌ನಲ್ಲಿ ಇರಬೇಕು. ಅಷ್ಟು ಮೇಲೆ ಏನೂ ಇಲ್ಲದಿದ್ದರೆ ವಾದ ಮುಗೀತು.

ಎಲ್ಲರೂ ಎಡವೋದು ಎರಡು ಕಡೆ. ಒಂದು, ಕ್ರಾಸ್‌ಪ್ಲೇನ್ (ಕ್ರ್ಯಾಂಕ್ ತಿರುವುಗಳು 90 ಡಿಗ್ರಿ ಅಂತರದಲ್ಲಿರುವ) ವಿ8ನಲ್ಲಿ ಒಂದೊಂದು ಸಾಲಿನ ಉರಿ ಸಮನಾಗಿ ಬೀಳಲ್ಲ, ಹಾಗಾಗಿ ಮುಖ್ಯ ಗೆರೆಯ ಕೆಳಗೆ ಅರ್ಧಕ್ಕೆ, ಕಾಲಿಗೆ ಬೇರೆ ಗೆರೆಗಳೂ ಏಳುತ್ತವೆ. ಅರ್ಧದ ಗೆರೆ ಹಿಡಿದರೆ ಆರ್‌ಪಿಎಂ ಅರ್ಧವೇ ಬರುತ್ತೆ. ಎರಡನೆಯದು ಡಾಪ್ಲರ್. ಗಂಟೆಗೆ 200 ಕಿ.ಮೀ ವೇಗದಲ್ಲಿ ಹತ್ತಿರ ಬರುವ ಕಾರಿನ 400 ಹರ್ಟ್ಜ್ ನಿಮಗೆ ಸುಮಾರು 477 ಆಗಿ ಕೇಳುತ್ತೆ, ದಾಟಿ ಹೋದ ಮೇಲೆ 344. ಅದೇ ಗೇರ್, ಅದೇ ವೇಗದಲ್ಲಿ ದಾಟುವ ತುಣುಕು ಸಿಕ್ಕರೆ ಎರಡನ್ನೂ ಗುಣಿಸಿ, ಇಮ್ಮಡಿ ಮಾಡಿ, ಎರಡರ ಮೊತ್ತದಿಂದ ಭಾಗಿಸಿ, ಅಸಲಿ ಸಂಖ್ಯೆ ಬರುತ್ತೆ. ಬ್ರೇಕ್ ಹಾಕುತ್ತಾ ದಾಟಿದ ತುಣುಕು ಪ್ರಯೋಜನಕ್ಕಿಲ್ಲ.

ಇವಿ ಆದರೆ ಕೆಲವು ಕಿಲೋಹರ್ಟ್ಜ್‌ನಲ್ಲಿ ತೆಳ್ಳಗಿನ ಕಿರುಚು ಗೆರೆ ವೇಗದ ಜೊತೆ ಮೆಟ್ಟಿಲಿಲ್ಲದೆ ಏರುತ್ತೆ. ಲೆಕ್ಸಸ್‌ನ ಎಲೆಕ್ಟ್ರಿಕ್ ಕಾರು ಆರ್‌ಝಡ್ 550ಇ ಎಫ್ ಸ್ಪೋರ್ಟ್‌ನಲ್ಲಿ ಪ್ಯಾಡಲ್ ಒತ್ತಿದರೆ 8 ಗೇರ್ ಇದ್ದ ಹಾಗೆ ನಟಿಸುವ ವ್ಯವಸ್ಥೆ ಇದೆಯಲ್ಲ, ಆ ಸದ್ದು ಕ್ಯಾಬಿನ್ ಒಳಗೆ. ಪಾದಚಾರಿಗಳಿಗಾಗಿ ಹೊರಗೆ ಬಿಡುವ ಸದ್ದನ್ನು ವಿಶ್ವಸಂಸ್ಥೆಯ ಆರ್138 ನಿಯಮ ಕೇಳೋದು ಗಂಟೆಗೆ 20 ಕಿ.ಮೀ ತನಕ ಮಾತ್ರ. ಆದ್ದರಿಂದ ಟ್ರ್ಯಾಕ್ ಬದಿಯಲ್ಲಿ ಕೇಳುವ ಗುಡುಗು ಬಹುತೇಕ ಸ್ಪೀಕರ್‌ದಲ್ಲ, ಎಂಜಿನ್‌ದೇ. ಆದರೆ ಗುರುತು ಮರೆಸೋಕೆ ಬಣ್ಣದ ಸ್ಟಿಕರ್ ಹೊದಿಸಿದ ಆ ಕಾರು ವಿ8 ಇರುವ ಜಿಆರ್ ಜಿಟಿಯೋ ಜಿಟಿ3ಯೋ ಇರಬಹುದು ಅಂತ ಯಾವ ವಿಡಿಯೊದವರೂ ಹೇಳಲ್ಲ ನೋಡಿ.

ನಾಮಫಲಕ:

ಹೆಸರಿನ ಆಧಾರದ ಮೇಲೆ ಊಹೆ ಕಟ್ಟಬೇಡಿ ಅಂತಷ್ಟೇ ನನ್ನ ಸೇರ್ಪಡೆ. ವರ್ಷಗಟ್ಟಲೆ ಲೆಕ್ಸಸ್ 'ಎಲ್‌ಎಫ್‌ಆರ್' ಬರುತ್ತೆ ಅಂತ ಎಲ್ಲರೂ ಬರೆದರು, ಕೊನೆಗೆ ಆ ಕಾರು ಟೊಯೊಟಾ ಜಿಆರ್ ಜಿಟಿ ಆಗಿ ಬಂತು. ಅಮೆರಿಕದಲ್ಲಿ 'ಮುಂದೆ ಬಳಸುವ ಉದ್ದೇಶವಿದೆ' ಅಂತ ಟ್ರೇಡ್‌ಮಾರ್ಕ್ ಹಾಕಿದರೆ, ಒಪ್ಪಿಗೆಯ ನೋಟಿಸ್ ಬಂದ ಮೇಲೆ 6 ತಿಂಗಳು, ಆಮೇಲೆ ಆರಾರು ತಿಂಗಳಿನ 5 ವಿಸ್ತರಣೆ, ಒಟ್ಟು 36 ತಿಂಗಳು ಏನೂ ಮಾರದೆ ಹೆಸರು ಹಿಡಿದಿಟ್ಟುಕೊಳ್ಳಬಹುದು. ಟವೆಲ್ ಹಾಸಿ ಸೀಟು ಹಿಡಿದ ಹಾಗೆ, ಅಷ್ಟೆ.

ಸುಂಕದಕಟ್ಟೆ:

ಬೆಲೆ ಇನ್ನೂ ಪ್ರಕಟವಾಗಿಲ್ಲ, ಆದ್ದರಿಂದ ಬಂದರಿಗೆ ಬಂದಿಳಿದ ಬೆಲೆ 100 ಅಂತ ಇಟ್ಟುಕೊಳ್ಳೋಣ. 2025ರ ಬಜೆಟ್ ನಂತರ 40,000 ಡಾಲರ್ ಮೀರಿದ, ಪೂರ್ತಿ ಜೋಡಿಸಿ ತರುವ ಕಾರಿಗೆ ಮೂಲ ಸುಂಕ 70%, ಕೃಷಿ ಸೆಸ್ 40%. ಸೇರಿ 210. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 40%, ಹಳೇ ಪರಿಹಾರ ಸೆಸ್ ಇಲ್ಲ. 294 ಆಯ್ತು. ಡೀಲರ್ ಲಾಭ, ಸಾಗಣೆ ಇದರ ಮೇಲೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ 18%, ಆ ತೆರಿಗೆಯ ಮೇಲೆ ಸೆಸ್. ಒಟ್ಟು 20% ಹತ್ತಿರ. ರಸ್ತೆಗಿಳಿಯುವಾಗ ಮೂಲ ಬೆಲೆಯ ಮೂರೂವರೆ ಪಟ್ಟು ದಾಟಿರುತ್ತೆ.

ಎಲೆಕ್ಟ್ರಿಕ್ ಆದರೆ ಸುಂಕ ಅದೇ, ಜಿಎಸ್‌ಟಿ 5% ಮಾತ್ರ: 220.5. ಆಜೀವ ತೆರಿಗೆ, 2024ರ ತಿದ್ದುಪಡಿಯಂತೆ 25 ಲಕ್ಷ ಮೀರಿದ ಇವಿಗೆ 10%. ಕಾರಿನ ಬೆಲೆ ಎರಡಕ್ಕೂ ಒಂದೇ ಅಂದುಕೊಂಡರೂ ಬೆಂಗಳೂರಲ್ಲಿ ವಿ8 ಕೊಳ್ಳುವವನು 100ಕ್ಕೆ 100ಕ್ಕೂ ಹೆಚ್ಚು ಬರೀ ತೆರಿಗೆ ವ್ಯತ್ಯಾಸಕ್ಕೆ ಸುರಿಯಬೇಕು.

ಬಿಡದಿಯಲ್ಲಿ ಲೆಕ್ಸಸ್ ಇಎಸ್ 300ಎಚ್ ಜೋಡಿಸಿದ್ದಾರಲ್ಲ, ಇದನ್ನೂ ಅಲ್ಲೇ ಜೋಡಿಸಿದರೆ ಸುಂಕ ಉಳಿಯಲ್ವಾ ಅನ್ನೋ ಪ್ರಶ್ನೆ ಬರುತ್ತೆ. ಅಂಟು, ರಿವೆಟ್ ಹಾಕುವ ಅಲ್ಯೂಮಿನಿಯಂ ಮೈಗೆ ಬೇರೆಯೇ ಲೈನ್ ಬೇಕು, ವರ್ಷಕ್ಕೆ ಬೆರಳೆಣಿಕೆ ಕಾರಿಗೆ ಯಾರೂ ಹಾಕಲ್ಲ. ಲೆಕ್ಸಸ್‌ನದೇ ಎಲ್‌ಸಿ 500ಎಚ್ ಕೂಡ 2020ರಲ್ಲಿ 1.96 ಕೋಟಿ ಎಕ್ಸ್ ಶೋರೂಮ್ ಬೆಲೆಗೆ ಜಪಾನಿನಿಂದ ಪೂರ್ತಿ ಕಾರಾಗಿಯೇ ಬಂತು. ಇಲ್ಲಿನ ಹೋಮೊಲೊಗೇಷನ್ (ಕಾರು ಇಲ್ಲಿನ ನಿಯಮಕ್ಕೆ ಒಪ್ಪುತ್ತಾ ಅಂತ ನೋಡುವ) ಪರೀಕ್ಷೆಯಿಲ್ಲದೆ ತರುವ ದಾರಿ 2018ರಿಂದ ಇದೆ, ಕಂಪನಿಗೆ ವರ್ಷಕ್ಕೆ 2,500 ಕಾರು. ಒಂದು ಷರತ್ತು: ಸ್ಟಿಯರಿಂಗ್ ಬಲಗಡೆ ಇರಬೇಕು.

ತಿರುವುದಾರಿ:

ತೆರಿಗೆ ಕಟ್ಟಿ ತಂದರೂ ಹಂಪ್ ದಾಟುತ್ತಾ?

ಟಾರ್ಕ್‌ಟ್ಯೂಬ್:

ನಿಯಮದ ಹಂಪ್ ಆದರೆ ದಾಟುತ್ತೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 99 ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ ಎತ್ತರ, 17 ಮೀಟರ್ ತ್ರಿಜ್ಯ. ವೀಲ್‌ಬೇಸ್ 2,725 ಆದ್ದರಿಂದ ನಾಲ್ಕೂ ಚಕ್ರ ಹಂಪ್ ಮೇಲಿದ್ದಾಗ ಹೊಟ್ಟೆಗೆ ಬೇಕಾದ್ದು ಬರೀ 55 ಮಿ.ಮೀ. ಮೂತಿಗೆ ಹೆಚ್ಚು ಬೇಕು: ಮುಂಚಕ್ರದಿಂದ 1 ಮೀಟರ್ ಚಾಚಿದೆ ಅಂತ ಹಿಡಿದರೆ, ಚಕ್ರ ಹಂಪ್ ಅಂಚಿಗೆ ತಾಗುವ ಹೊತ್ತಿಗೆ ತುಟಿ ಕೆಳಗಿನ ಟಾರು 80 ಮಿ.ಮೀ ಎದ್ದಿರುತ್ತೆ. ಬ್ರೇಕ್ ಹಿಡಿದೇ ಹತ್ತಿದರೆ ಮೂತಿ ಇನ್ನೂ ಬಗ್ಗುತ್ತೆ, ಅದಕ್ಕೇ ಹಂಪ್‌ಗೆ ಮೊದಲೇ ಬ್ರೇಕ್ ಬಿಟ್ಟು ಉರುಳಿಸಬೇಕು. ಬಡಾವಣೆಯವರೇ ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡಿದ ಒಂದಡಿ ಅಗಲದ ದಿಣ್ಣೆಗೆ ಈ ಲೆಕ್ಕ ನಡೆಯಲ್ಲ. ಎತ್ತರ ಅಷ್ಟೇ ಇದ್ದರೂ ಅದು ಹೊಟ್ಟೆಯ ನಡುವಿಗೇ ನೇರ 10 ಸೆಂ.ಮೀ ಕೇಳುತ್ತೆ, ಮೂತಿ ಎತ್ತುವ ಲಿಫ್ಟ್ ಇದ್ದರೂ ಎತ್ತೋದು ಮುಂದಿನ ಆಕ್ಸಲ್ ಮಾತ್ರ.