ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದಿದೆಯೋ, ಅಳತೆಗೋಲು ಬದಲಾಗಿದೆಯೋ?

ಪ್ರಶ್ನೆ (ಮುಖ್ಯಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ): ನಮಸ್ಕಾರ ಸರ್. ನಮ್ಮ ಶಾಲೆಯ ಫಲಿತಾಂಶ ಹೀಗಿದೆ. 2023ರಲ್ಲಿ 40 ಮಕ್ಕಳು ಕೂತು 38 ಪಾಸು, ಶೇ 95. 2024ರಲ್ಲಿ 44ಕ್ಕೆ 35, ಶೇ 79.5. 2025ರ ಪರೀಕ್ಷೆ-1ರಲ್ಲಿ 41ಕ್ಕೆ 29, ಶೇ 70.7. ಎರಡೇ ವರ್ಷದಲ್ಲಿ 24 ಶೇಕಡಾ ಅಂಶ ಇಳಿದಿದೆ, ಕಾರಣ ಬರೆದುಕೊಡಿ ಎಂದು ಮೇಲಿನಿಂದ ಕೇಳಿದ್ದಾರೆ. ಎಸ್‌ಡಿಎಂಸಿಯವರದ್ದೂ (ಶಾಲಾಭಿವೃದ್ಧಿ ಸಮಿತಿ) ಅದೇ ಪ್ರಶ್ನೆ. ಶಿಕ್ಷಕರು ಯಾರೂ ಬದಲಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ನಿವೃತ್ತ ವಿಷಯ ಪರಿವೀಕ್ಷಕರು): ಮೇಡಂ, ಕಾರಣ ಹುಡುಕುವ ಮೊದಲು ಬಿದ್ದದ್ದು ಎಷ್ಟು ಎಂದು ಲೆಕ್ಕ ಹಾಕಿ. ಇಡೀ ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89, 2024ರಲ್ಲಿ 73.40, 2025ರಲ್ಲಿ 62.34. ಅಂದರೆ ರಾಜ್ಯವೇ 21.55 ಅಂಶ ಇಳಿದಿದೆ. ನಿಮ್ಮದು 24.27. ವ್ಯತ್ಯಾಸ 2.72. ನಿಮ್ಮ 41 ಮಕ್ಕಳಲ್ಲಿ ಒಬ್ಬೊಬ್ಬರ ತೂಕ 2.44. ಹಾಗಾಗಿ ಶಾಲೆ ತಾನಾಗಿ ಉತ್ತರಿಸಬೇಕಾದ ಕುಸಿತ ಎಂದರೆ ಸರಿಸುಮಾರು ಒಂದು ಮಗು. ಆ ಒಂದು ಮಗುವಿಗಾಗಿ ಎರಡು ಪುಟ ಸಮಜಾಯಿಷಿ ಬರೆಯುವುದು ಬೇಡ.

ರಾಜ್ಯ ಇಷ್ಟು ಇಳಿದದ್ದು ಮಕ್ಕಳು ದಡ್ಡರಾದರು ಅಂತಲ್ಲ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಕಣ್ಗಾವಲು) ಬಂತು, ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ತೀರಾ ಕುಸಿಯುವಂತೆ ಕಂಡಾಗ ಕೃಪಾಂಕವನ್ನು (ಪಾಸಾಗಲೆಂದು ಸೇರಿಸಿ ಕೊಡುವ ಗ್ರೇಸ್ ಅಂಕ) ಶೇ 20ಕ್ಕೆ ಏರಿಸಿದರು. ಅದಿಲ್ಲದಿದ್ದರೆ ಆ ವರ್ಷದ ರಾಜ್ಯದ ಫಲಿತಾಂಶ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಮೂರು ವರ್ಷಕ್ಕೆ ಮೂರು ಬೇರೆ ಅಳತೆಗೋಲು. 2021ರ ಶೇ 99.9ರ ಗೊಡವೆಗಂತೂ ಹೋಗಲೇಬೇಡಿ. ಅದು ಕೋವಿಡ್ ಕಾಲದಲ್ಲಿ ಎರಡೇ ದಿನದಲ್ಲಿ ಮುಗಿದ ಬಹು ಆಯ್ಕೆ ಪರೀಕ್ಷೆ. ಗ್ರಾಫ್‌ನಲ್ಲಿ ಆ ವರ್ಷವನ್ನು ಖಾಲಿ ಬಿಡುವುದೇ ಸರಿ.

2024ರಲ್ಲಿ ನಿಮ್ಮ 35 ಜನರಲ್ಲಿ ಕೃಪಾಂಕದಿಂದ ದಾಟಿದವರು ಎಷ್ಟು ಎಂದು ತೆಗೆಯಲು ಆಗುತ್ತದೆಯೇ?

ಮುಖ್ಯಶಿಕ್ಷಕಿ: ತೆಗೆದೆ ಸರ್. 9 ಮಕ್ಕಳು.

ಉತ್ತರ: ಹಾಗಾದರೆ ಸ್ವಂತ ಅಂಕದಲ್ಲಿ ಪಾಸಾದವರು 44ಕ್ಕೆ 26, ಶೇ 59.1. ಮರುವರ್ಷ 70.7. ಕೃಪಾಂಕ ಬದಿಗಿಟ್ಟರೆ ನಿಮ್ಮದು 11.6 ಅಂಶ ಏರಿದೆ! ರಾಜ್ಯವೂ ಇದೇ ಲೆಕ್ಕದಲ್ಲಿ 54ರಿಂದ 62ಕ್ಕೆ ಏರಿದೆ. ಆದರೆ ಈ ಏರಿಕೆಯನ್ನೂ ಹೊಗಳಿಕೊಳ್ಳಬೇಡಿ. ನಲವತ್ತು ಮಕ್ಕಳ ಶಾಲೆಯಲ್ಲಿ ಪಾಠದಲ್ಲಿ ಏನೂ ಬದಲಾಗದೆಯೇ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಹತ್ತು ಅಂಶ ಅತ್ತಿತ್ತ ಆಗುವುದು ಮಾಮೂಲು.

ಪ್ರಶ್ನೆ (ಗಣಿತ ಶಿಕ್ಷಕರು): ಸರ್, 2025ಕ್ಕೆ ಪೇಪರಿನಲ್ಲಿ 66.14 ಎಂದೂ ಬಂದಿತ್ತಲ್ಲ? ನೀವು 62.34 ಹಿಡಿದಿದ್ದೀರಿ.

ಉತ್ತರ: ಎರಡೂ ಸರಿ, ಛೇದ ಬೇರೆ. ಪರೀಕ್ಷೆ ಬರೆದ ಎಲ್ಲ 8,42,173 ಜನರಲ್ಲಿ 5,24,984 ಪಾಸು: 62.34. ಶಾಲೆಯಿಂದ ಮೊದಲ ಸಲ ಕೂತ ರೆಗ್ಯುಲರ್ ಮಕ್ಕಳು 7,90,890, ಪಾಸಾದವರು 5,23,075: 66.14. ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಪುನರಾವರ್ತಿತರು, ಖಾಸಗಿ ಅಭ್ಯರ್ಥಿಗಳು ಸೇರಿ 51 ಸಾವಿರಕ್ಕೂ ಹೆಚ್ಚು ಮಂದಿ, ಪಾಸಾದವರು ಎರಡು ಸಾವಿರವೂ ಇಲ್ಲ. ಅಷ್ಟು ಸಣ್ಣ ಗುಂಪು ರಾಜ್ಯದ ಸರಾಸರಿಯನ್ನು ಸುಮಾರು ನಾಲ್ಕು ಅಂಶ ಕೆಳಗೆಳೆದಿದೆ.

2023, 2024ಕ್ಕೆ ಒಟ್ಟು ಲೆಕ್ಕ ಹಿಡಿದ ಮೇಲೆ 2025ಕ್ಕೂ ಅದನ್ನೇ ಹಿಡಿಯಬೇಕು. ಮಧ್ಯದಲ್ಲಿ ಬದಲಿಸಿದರೆ ಕುಸಿತವೋ ಏರಿಕೆಯೋ ನಿಮ್ಮ ಕೈಯಾರೆ ಹುಟ್ಟಿದ್ದಾಗುತ್ತದೆ. ಇನ್ನೊಂದು ಮಾತು: ನಿಮ್ಮ ಶಾಲೆಯಲ್ಲಿ ಇರುವವರು ರೆಗ್ಯುಲರ್ ಮಕ್ಕಳೇ. ಆದ್ದರಿಂದ ‘ರಾಜ್ಯದ ಸರಾಸರಿಗಿಂತ ಎಂಟು ಅಂಶ ಮೇಲಿದ್ದೇವೆ’ ಎಂಬ ಮಾತಿನಲ್ಲಿ ಅರ್ಧ ಪುಕ್ಕಟೆ. ಆ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗಿತೋ ಕುಗ್ಗಿತೋ ಅದನ್ನು ಮಾತ್ರ ನೋಡಿ.

2024, 2025ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಇದ್ದವು, ಉತ್ತಮ ಅಂಕ ಉಳಿಯುತ್ತಿತ್ತು. ಹಿಂದಿನ ವರ್ಷಗಳ ಮುಖ್ಯ ಪರೀಕ್ಷೆಯ ಜೊತೆ ಹೋಲಿಸಲು ಪರೀಕ್ಷೆ-1 ಮಾತ್ರ. ಮೂರೂ ಮುಗಿದ ಮೇಲಿನ ಲೆಕ್ಕಕ್ಕೆ ಬೇರೆಯೇ ಕಾಲಂ ಇರಲಿ.

ಪ್ರಶ್ನೆ (ಪತ್ರಕರ್ತರು): ಜಿಲ್ಲೆಗಳ ರ‍್ಯಾಂಕಿಂಗ್ ಬಗ್ಗೆ ಹೇಳಿ. ಚಿತ್ರದುರ್ಗ 2023ರಲ್ಲಿ ಮೊದಲ ಸ್ಥಾನ, ಮರುವರ್ಷ 21. ಉಡುಪಿ 18ರಿಂದ ನೇರ ಒಂದಕ್ಕೆ. ಒಂದೇ ವರ್ಷದಲ್ಲಿ ಹೀಗಾಗುವುದುಂಟೇ?

ಉತ್ತರ: ಸ್ಥಾನ ಬಿಟ್ಟು ಅಂಕಿ ನೋಡಿ. 2023ರಲ್ಲಿ ಚಿತ್ರದುರ್ಗ 96.80, ಉಡುಪಿ 89.49. ಮೊದಲನೆಯದಕ್ಕೂ ಹದಿನೆಂಟನೆಯದಕ್ಕೂ ಏಳೂವರೆ ಅಂಶದ ಅಂತರವೂ ಇಲ್ಲ! ಎಲ್ಲರೂ 90ರ ಆಚೀಚೆ ಇಕ್ಕಟ್ಟಾಗಿ ನಿಂತಾಗ ಅರ್ಧ ಅಂಶಕ್ಕೆ ನಾಲ್ಕು ಸ್ಥಾನ ಜಾರುತ್ತದೆ. 2024ರಲ್ಲಿ ಬಿಗಿ ಹೆಚ್ಚಾದಾಗ ರಾಜ್ಯ ಹತ್ತೂವರೆ ಅಂಶ ಇಳಿಯಿತು, ಉಡುಪಿ 94ಕ್ಕೆ ಏರಿತು. ಹಾಗಾಗಿ ಉಡುಪಿಯ ವಿಷಯದಲ್ಲಿ ದೊಡ್ಡ ಸುದ್ದಿ ಸ್ಥಾನವಲ್ಲ. ರಾಜ್ಯಕ್ಕಿಂತ 5.6 ಅಂಶ ಮೇಲಿದ್ದದ್ದು 20.6 ಆಯಿತಲ್ಲ, ಅದು. ಯಾವ ಜಿಲ್ಲೆ ಏಕೆ ಇಳಿಯಿತು ಎಂದು ಊಹಿಸಿ ತಲೆಬರಹ ಕೊಡುವ ಮೊದಲು ತಾಲ್ಲೂಕುವಾರು, ಕೇಂದ್ರವಾರು ಅಂಕಿ ಕೇಳಿ ಪಡೆಯಿರಿ. ಜಿಲ್ಲೆಯ ಸರಾಸರಿ ಒಂದರಿಂದ ಕಾರಣ ಹೊರಡುವುದಿಲ್ಲ.

ಪಟ್ಟಿ ಮಾಡುವಾಗ ಒಂದು ಎಚ್ಚರ. ಕಂದಾಯ ಜಿಲ್ಲೆ 31, ಶಿಕ್ಷಣ ಇಲಾಖೆ ತನ್ನ ಆಡಳಿತಕ್ಕೆ ಮಾಡಿಕೊಂಡ ಶೈಕ್ಷಣಿಕ ಜಿಲ್ಲೆ 35. ಮಧುಗಿರಿ, ಚಿಕ್ಕೋಡಿ, ಶಿರಸಿ ಬೇರೆಯಾಗಿ ಬರುತ್ತವೆ. ಬೆಂಗಳೂರು ನಗರ ಜಿಲ್ಲೆ ಉತ್ತರ, ದಕ್ಷಿಣ ಎಂದು ಒಡೆದಿರುತ್ತದೆ. ತುಮಕೂರಿನ ಜನಸಂಖ್ಯೆಯ ಅಂಕಿ ತಂದು ಶೈಕ್ಷಣಿಕ ಜಿಲ್ಲೆ ತುಮಕೂರಿನ ಪಕ್ಕ ಇಟ್ಟರೆ ಲೆಕ್ಕವೇ ಕೆಟ್ಟಿತು.

ಪ್ರಶ್ನೆ (ಪೋಷಕರು): ಎಂಟನೇ ತರಗತಿಗೆ ಮಗಳನ್ನು ಸೇರಿಸಬೇಕು. ಎರಡು ಶಾಲೆಗಳ ಗೇಟಿನಲ್ಲೂ ‘ಶೇ 100 ಫಲಿತಾಂಶ’ ಎಂದು ಬ್ಯಾನರ್ ಇದೆ. ಯಾವುದನ್ನು ನಂಬುವುದು?

ಉತ್ತರ: ಎರಡು ಪ್ರಶ್ನೆ ಕೇಳಿ. ಈ ಬ್ಯಾಚು ಎಂಟನೇ ತರಗತಿಯಲ್ಲಿದ್ದಾಗ ಎಷ್ಟು ಮಕ್ಕಳಿದ್ದರು, ಹತ್ತರಲ್ಲಿ ಶಾಲೆಯ ಹೆಸರಿನಲ್ಲಿ ಎಷ್ಟು ಮಂದಿ ಪರೀಕ್ಷೆಗೆ ಕೂತರು? 60 ಮಂದಿ ಇದ್ದು 45 ಕೂತು 45ಕ್ಕೆ 45 ಪಾಸಾದರೆ ಬ್ಯಾನರಿನಲ್ಲಿ ನೂರು, ನಿಮ್ಮ ಲೆಕ್ಕದಲ್ಲಿ 75. ಉಳಿದ 15 ಮಕ್ಕಳಲ್ಲಿ ಊರು ಬಿಟ್ಟವರು ಕೆಲವರಿರಬಹುದು. ಒಂಬತ್ತರಲ್ಲಿ ಟಿಸಿ ಕೊಟ್ಟು ಕಳಿಸಿದವರು, ಖಾಸಗಿಯಾಗಿ ಕಟ್ಟಿಸಿದವರು ಎಷ್ಟು ಎಂದು ನಯವಾಗಿಯೇ ಕೇಳಿ. ಉತ್ತರಕ್ಕಿಂತ ಉತ್ತರ ಹೇಳುವ ಧಾಟಿ ಹೆಚ್ಚು ತಿಳಿಸುತ್ತದೆ.

ಎರಡನೆಯದು, ಶ್ರೇಣಿವಾರು ಹಂಚಿಕೆ. 625ಕ್ಕೆ 563ರಿಂದ ಮೇಲೆ ಎ+, 500ರಿಂದ ಎ, 438ರಿಂದ ಬಿ+, 375ರಿಂದ ಬಿ, 313ರಿಂದ ಸಿ+. ಅದರ ಕೆಳಗೆ ಸಿ. ಬ್ಯಾನರಿನಲ್ಲಿ 620 ತೆಗೆದ ಒಂದು ಮಗುವಿನ ಫೋಟೋ ಇರುತ್ತದೆ. ನಿಮಗೆ ಬೇಕಾದದ್ದು ನಡುವಿನ ಮಗು. ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ 45ರಲ್ಲಿ 23ನೆಯ ಮಗು ಎಷ್ಟರಲ್ಲಿದೆ ಎಂದು ನೋಡಿ.

ಸಿಬಿಎಸ್‌ಇ ಶಾಲೆಯ ಶೇಕಡಾ ಅಂಕದ ಜೊತೆ ಹೋಲಿಸಲು ಹೋಗಬೇಡಿ. ಪ್ರಶ್ನೆಪತ್ರಿಕೆ, ವಿಷಯಗಳ ಸಂಖ್ಯೆ, ಮೌಲ್ಯಮಾಪನ ಎಲ್ಲವೂ ಬೇರೆ.

ಪ್ರಶ್ನೆ (ಗಣಿತ ಶಿಕ್ಷಕರು): ನಮ್ಮಲ್ಲಿ ಕನ್ನಡದ ಸರಾಸರಿ 88, ಗಣಿತದ್ದು 52. ಪ್ರತಿ ಸಭೆಯಲ್ಲೂ ಗಣಿತದವರ ಮೇಲೆಯೇ ಕಣ್ಣು.

ಉತ್ತರ: ಆ 88 ಎಷ್ಟಕ್ಕೆ ಮೇಷ್ಟ್ರೇ? ಪ್ರಥಮ ಭಾಷೆ 125ಕ್ಕೆ, ಹಾಗಾಗಿ ಅದು ಶೇ 70.4. ಅಲ್ಲಿಗೇ ಅರ್ಧ ಅಂತರ ಕರಗಿತು. ಇನ್ನು ಆಂತರಿಕ ಅಂಕ (ಶಾಲೆಯೇ ಕೊಡುವ ಅಂಕ) ಕಳೆಯಿರಿ. ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ಎಲ್ಲರಿಗೂ 18, 19 ಕೊಡುವ ಜಾಗದಲ್ಲಿ ಅದು ಹೋಲಿಕೆಗೆ ಬಾರದು. ಲಿಖಿತ 100 ಮತ್ತು 80ರ ಶೇಕಡಾವನ್ನೇ ಹೋಲಿಸಿ. ಒಂದು ಸಾಲು ತೆಗೆದುಕೊಳ್ಳಿ: ಆಂತರಿಕ 19/20, ಲಿಖಿತ 24/80. ಒಂದು ಕಡೆ ಶೇ 95, ಇನ್ನೊಂದು ಕಡೆ 30. ಒಟ್ಟು 43 ಎಂದು ಮಾತ್ರ ಬರೆದರೆ ಈ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಮಗುವಿಗೆ ಲೆಕ್ಕ ಬರುತ್ತದೆಂದು ಎಲ್ಲರೂ ನಂಬಿರುತ್ತಾರೆ.

ಆಮೇಲೆ ಗಣಿತವನ್ನು ಕನ್ನಡದ ಪಕ್ಕ ಇಡಬೇಡಿ, ತಾಲ್ಲೂಕಿನ ಗಣಿತದ ಪಕ್ಕ ಇಡಿ. ಅದು 45 ಇದ್ದರೆ ನಿಮ್ಮ 52 ಒಳ್ಳೆಯದೇ.

ಎಕ್ಸೆಲ್‌ನಲ್ಲಿ ಮಾಡುವಾಗ ಗೈರಾದ ಮಗುವಿನ ಜಾಗದಲ್ಲಿ ಸೊನ್ನೆ ತುಂಬಬೇಡಿ, ‘ಗೈರು’ ಎಂದು ಅಕ್ಷರದಲ್ಲೇ ಇರಲಿ. ಸರಾಸರಿ ಸೂತ್ರ ಅಕ್ಷರವನ್ನು ಬಿಟ್ಟು ಮುಂದೆ ಹೋಗುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. ಲಿಖಿತ 80ಕ್ಕೆ 24ರಿಂದ 32ರ ಒಳಗೆ ಎಷ್ಟು ಮಕ್ಕಳಿದ್ದಾರೆ ಎಂದು ಕೌಂಟಿಫ್ಸ್ (COUNTIFS) ಸೂತ್ರದಿಂದ ಎಣಿಸಿ. ಪ್ರಶ್ನೆಪತ್ರಿಕೆ ಸ್ವಲ್ಪ ಬಿಗಿಯಾದರೂ ಮೊದಲು ಉದುರುವವರು ಇವರೇ.

ಮುಖ್ಯಶಿಕ್ಷಕಿ: ಕೊನೆಯದೊಂದು ಸರ್. 2025–26ರಿಂದ ಪಾಸು ಮಟ್ಟ ಶೇ 33 ಆಗಿದೆಯಲ್ಲ. ಇನ್ನು ಹಿಂದಿನ ವರ್ಷಗಳ ಜೊತೆ ಹೇಗೆ ಹೋಲಿಸುವುದು?

ಉತ್ತರ: ಈಗ 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬೇಕು. ಶಾಲೆಯ ರಿಜಿಸ್ಟರಿನಲ್ಲಿ ಎರಡು ಕಾಲಂ ಹಾಕಿ. ಒಂದು, ಮಂಡಳಿ ಘೋಷಿಸಿದ ಪಾಸು. ಇನ್ನೊಂದು, ನೀವೇ ಗೆರೆ ಎಳೆದುಕೊಂಡದ್ದು: ಪ್ರಥಮ ಭಾಷೆಯಲ್ಲಿ 44, ಉಳಿದ ಐದರಲ್ಲೂ 35, ಕೃಪಾಂಕ ಬಿಟ್ಟು. 2023ರಿಂದಲೇ ಹಳೆಯ ಅಂಕಗಳಿಗೂ ಅದೇ ಗೆರೆ ಹಾಕಿ ಮರುಎಣಿಕೆ ಮಾಡಿ. 125 ಮಕ್ಕಳ ಸಾಲು, ಒಂದು ಮಧ್ಯಾಹ್ನದ ಕೆಲಸ. ಮೇಲಿನವರಿಗೆ ಕಳಿಸುವ ಉತ್ತರದಲ್ಲಿ ಎರಡೂ ಕಾಲಂ ಇರಲಿ, ಪಕ್ಕದಲ್ಲಿ ಆಯಾ ವರ್ಷದ ರಾಜ್ಯದ ಅಂಕಿ ಇರಲಿ.