ಶೆಡ್ಯೂಲರ್, ಆರ್ಕೆಸ್ಟ್ರೇಟರ್: ಎರಡಕ್ಕೂ ಬೇರೆ ಬೇರೆ ಪದ ಬೇಕು

ಗೆಳೆಯರೇ,

ಕಲಬುರಗಿಯ ಪದವಿ ವಿದ್ಯಾರ್ಥಿಗಳಿಗಾಗಿ ಡೇಟಾ ವಿಶ್ಲೇಷಣೆಯ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಹಿಡಿದಿರುವುದು ತೊಗರಿ. ಎಪಿಎಂಸಿಯ ದಿನದ ಆವಕ, ಧಾರಣೆ ತರಿಸಬೇಕು. ಚೀಲ, ಕ್ವಿಂಟಲ್ ಬೆರೆತಿದ್ದರೆ ಸರಿಪಡಿಸಬೇಕು. ಮಳೆ ಲೆಕ್ಕದ ಜೊತೆ ಕೂಡಿಸಿ ಗ್ರಾಫ್ ತೆಗೆಯಬೇಕು. ಇದನ್ನೆಲ್ಲ ದಿನಾ ತಾನಾಗಿ ನಡೆಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಹೇಳಿದ ವೇಳೆಗೆ ಕೆಲಸ ಶುರುಮಾಡುವ ಶೆಡ್ಯೂಲರ್ ‘ಕ್ರಾನ್’ಗೆ ತೊಂದರೆಯಿಲ್ಲ. ಅದಕ್ಕೆ ಗೊತ್ತಿರುವುದು ಗಡಿಯಾರ ಒಂದೇ, ಹಾಗಾಗಿ ‘ವೇಳೆಗಾರ’ ಎಂದರೂ ನಡೆಯುತ್ತದೆ. ಆರಕ್ಕೆ ತರಿಸು, ಆರೂವರೆಗೆ ಸರಿಪಡಿಸು ಎಂದು ಬರೆದಿಟ್ಟರೆ, ಕಡತ ಬಂದಿರಲಿ ಬಿಡಲಿ, ಆರೂವರೆಗೆ ಎರಡನೆಯದು ಶುರುವಾಗಿಬಿಡುತ್ತದೆ. ನಿನ್ನೆಯ ಧಾರಣೆಯೇ ಇವತ್ತಿನದಾಗಿ ಕೂತರೂ ಅದು ಚಕಾರ ಎತ್ತುವುದಿಲ್ಲ.

ತೊಡಕಿರುವುದು ಏರ್‌ಫ್ಲೋ ಥರದ ಆರ್ಕೆಸ್ಟ್ರೇಟರ್‌ಗಳಲ್ಲಿ, ಅಂದರೆ ಹಲವು ಕೆಲಸಗಳನ್ನು ಒಂದಕ್ಕೊಂದು ಹೊಂದಿಸಿ ನಡೆಸುವ ತಂತ್ರಾಂಶಗಳಲ್ಲಿ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಹುಟ್ಟಿ, 2019ರಲ್ಲಿ ಮುಕ್ತ ತಂತ್ರಾಂಶದ ಸಂಸ್ಥೆ ಅಪಾಚೆಯ ಉನ್ನತ ಮಟ್ಟದ ಯೋಜನೆಯಾದದ್ದು ಏರ್‌ಫ್ಲೋ. ಯಾವ ಕೆಲಸದ ಹಿಂದೆ ಯಾವುದು, ಕೆಟ್ಟರೆ ಎಷ್ಟು ಸಲ ಮತ್ತೆ ಹಚ್ಚಬೇಕು, ಯಾವುದು ಮುಗಿದಿದೆ, ಎಲ್ಲ ಲೆಕ್ಕವೂ ಅದರ ಸ್ವಂತ ಡೇಟಾಬೇಸಿನಲ್ಲಿರುತ್ತದೆ. ಭಾರದ ಕೆಲಸವನ್ನು ದೊಡ್ಡ ಡೇಟಾ ಸಂಸ್ಕರಿಸುವ ಸ್ಪಾರ್ಕ್‌ನಂಥ ಬೇರೆ ತಂತ್ರಾಂಶಗಳಿಗೆ ಒಪ್ಪಿಸುವುದೇ ವಾಡಿಕೆ. ತಾನು ಮಾಡುವುದಕ್ಕಿಂತ ಮಾಡಿಸುವುದೇ ಹೆಚ್ಚು. ಇದರ ಹೊಟ್ಟೆಯಲ್ಲೂ ಶೆಡ್ಯೂಲರ್ ಎಂಬ ಭಾಗವೊಂದಿದೆ, ಆದ್ದರಿಂದ ಎರಡಕ್ಕೂ ಒಂದೇ ಪದ ಬಳಸಿದರೆ ಪಾಠ ಕಲಸುಮೇಲೋಗರ.

‘ನಿರ್ವಾಹಕ’ ಎಂದರೆ ಇಲ್ಲಿ ಬಸ್ಸಿನ ಕಂಡಕ್ಟರ್. ‘ಸಂಯೋಜಕ’ ಎಂದರೆ ಎನ್ನೆಸ್ಸೆಸ್ ಶಿಬಿರ ನೆನಪಾಗುತ್ತದೆ. ‘ಓದುಗ’ದ ದಾರಿಯಲ್ಲಿ ‘ಮಾಡಿಸುಗ’ ಎಂದು ಕಟ್ಟಿ ನೋಡಿದೆ. ವ್ಯಾಕರಣ ಒಪ್ಪುತ್ತದೆ, ನಾಲಿಗೆ ಒಪ್ಪುತ್ತಿಲ್ಲ.

ಹೀಗಿರುವಾಗ ಆಳಂದ ಕಡೆಯ ಹುಡುಗನೊಬ್ಬ, “ಇದು ಮುಕಾದಮನ ಕೆಲಸ ಅಲ್ಲೇನ್ರಿ ಸರ್?” ಅಂದ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ. ಆಳು ಕೂಡಿಸುತ್ತಾನೆ, ಯಾರು ಯಾವ ಹೊಲಕ್ಕೆ ಎಂದು ಹಚ್ಚುತ್ತಾನೆ, ಗಾಡಿ ತುಂಬುವವರೆಗೆ ಲೆಕ್ಕ ಇಡುತ್ತಾನೆ. ಮೂಲ ಅರಬ್ಬಿ, ಮುಂದೆ ನಿಲ್ಲಿಸಲ್ಪಟ್ಟವನು ಎಂಬರ್ಥ. ಆಟಿಕೆ ಆನೆಯ ಹೆಸರು ಹೊತ್ತ ಹಡೂಪ್ ಎಂಬ ದೊಡ್ಡ ಡೇಟಾದ ವ್ಯವಸ್ಥೆಗೆ ಕೆಲಸ ಹಚ್ಚುವ ತಂತ್ರಾಂಶಕ್ಕೆ ಬರ್ಮಾದವರು ಮಾವುತನಿಗೆ ಅನ್ನುವ ‘ಊಝಿ’ ಎಂಬ ಹೆಸರನ್ನೇ ಇಟ್ಟಿರುವಾಗ ನಮಗೇಕೆ ಸಂಕೋಚ?

ಆದರೂ ಎರಡು ಅನುಮಾನ. ಮುಕಾದಮ ಅಂದರೆ ಮುಂಗಡ, ಸಾಲ, ದಬ್ಬಾಳಿಕೆಯ ನೆನಪೂ ಬರುತ್ತದೆ. ಗ್ಯಾಂಗಿನಲ್ಲಿ ದುಡಿದವರ ಮಕ್ಕಳೇ ನನ್ನ ಎದುರು ಕೂತಿರುತ್ತಾರೆ. ಇನ್ನೊಂದು ಲಿಂಗದ್ದು. ಸರ್ವರ್ ‘ಬಿದ್ದದ’ ಅನ್ನುವ ಹುಡುಗರು ಈಗಾಗಲೇ “ಮುಕಾದಮ ಮಕ್ಕೊಂಡಾನ್ರಿ” ಅನ್ನತೊಡಗಿದ್ದಾರೆ. ನನಗೇನೋ ಇದು ಇಷ್ಟವೇ, ಆದರೆ ಅಚ್ಚಿನಲ್ಲಿ ‘ನಿಂತಿದ್ದಾನೆ’ ಎಂದು ಬರೆಯಲೋ, ‘ನಿಂತಿದೆ’ ಎನ್ನಲೋ?

ಮೈಸೂರು, ಮಂಗಳೂರು ಕಡೆಯವರು ಹೇಳಿ: ಈ ಪದ ನಿಮಗೆ ತಿಳಿಯುತ್ತದೆಯೇ? ಕಾಫಿ ತೋಟದಲ್ಲಿ ‘ಮೇಸ್ತ್ರಿ’ ಅನ್ನುವುದನ್ನು ಕೇಳಿದ್ದೇನೆ, ಆದರೆ ನಮ್ಮಲ್ಲಿ ಮೇಸ್ತ್ರಿ ಅಂದರೆ ಗೋಡೆ ಕಟ್ಟುವವನೇ. ಎರಡೂ ಕಡೆ ಸಲ್ಲುವ ಪದ ಇದ್ದರೆ ತಿಳಿಸಿ.