ಮೈಮೇಲೆ ಏನೂ ಇಲ್ಲ, ಆದ್ರೂ ತುರಿಕೆ. ಪಿತ್ತರಸದ ತೊಂದರೆ ಆದವರು ಸ್ವಲ್ಪ ಹೇಳಿ

ಅಮ್ಮನಿಗೆ ಮೂರು ವಾರದಿಂದ ಅಂಗೈ, ಅಂಗಾಲು ತುರಿಕೆ. ರಾತ್ರಿ ಜಾಸ್ತಿ. ಗುಳ್ಳೆ ಇಲ್ಲ, ದದ್ದು ಇಲ್ಲ. ಮುಲಾಮು ಹಚ್ಚಿ ಹಚ್ಚಿ ಸಾಕಾಯ್ತು. ಈಗ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಜಾಸ್ತಿ ಇದೆ, ಪಿತ್ತರಸ ಸರಿಯಾಗಿ ಹರಿಯುತ್ತಿಲ್ಲವೇನೋ ಅಂದರು ಡಾಕ್ಟರ್. ತುರಿಕೆಗೂ ಪಿತ್ತಕ್ಕೂ ಏನು ಸಂಬಂಧ? ಯಾರಿಗಾದ್ರೂ ಹೀಗಾಗಿತ್ತಾ?

ಉತ್ತರ 1
ನನಗೆ ಆಗಿತ್ತು. ಬೆಳಗ್ಗೆ ಎದ್ದರೆ ಹಾಸಿಗೆ ಮೇಲೆ ರಕ್ತದ ಗೀರು, ಅಷ್ಟು ಕೆರೆದುಕೊಂಡಿರುತ್ತಿದ್ದೆ. ಮೊದಲು ಒಂದು ವಿಷಯ ತಿಳ್ಕೊಳ್ಳಿ, ಹುಳಿತೇಗು ಬಂದರೆ ನಾವು ಪಿತ್ತ ಅಂತೀವಲ್ಲ, ಅದು ಹೊಟ್ಟೆಯ ಆಮ್ಲ, ಇದು ಬೇರೆ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಕೂಡಿಡುತ್ತದೆ, ಜಿಡ್ಡಿನ ಊಟ ಕರುಳಿಗೆ ಇಳಿದ ಕೂಡಲೇ ಹಿಂಡಿ ಬಿಡುತ್ತದೆ. ಜಿಡ್ಡು ಸಣ್ಣ ಸಣ್ಣ ಹನಿಯಾಗಿ ಒಡೆದು ಜೀರ್ಣ ಆಗೋದು ಇದರಿಂದಲೇ. ದಾರಿ ಕಟ್ಟಿಕೊಂಡರೆ ಕರುಳಿಗೆ ಹೋಗಬೇಕಾದ್ದು ರಕ್ತಕ್ಕೆ ವಾಪಸ್ ಬರುತ್ತದೆ, ಆಗಲೇ ತುರಿಕೆ.

ಅಮ್ಮನನ್ನು ನಾಚಿಕೆ ಬಿಟ್ಟು ಕೇಳಿ, ಮಲ ಮೂತ್ರದ ಬಣ್ಣ ಹೇಗಿದೆ ಅಂತ. ಮಲಕ್ಕೆ ಕಂದು ಬಣ್ಣ ಬರೋದೇ ಪಿತ್ತರಸದಿಂದ. ನನಗೆ ಮಲ ಸುಣ್ಣ ಕಲಸಿದ ಮಣ್ಣಿನ ಹಾಗೆ ಬಿಳಚಿಕೊಂಡಿತ್ತು, ಮೂತ್ರ ಹಾಲು ಹಾಕದ ಚಹಾದ ಬಣ್ಣ. ನಾಲ್ಕು ದಿನ ಆದಮೇಲೆ ಕಣ್ಣು ಹಳದಿ ಆಯ್ತು. ಪಿತ್ತನಾಳದಲ್ಲಿ ಕಲ್ಲು ಕೂತಿತ್ತು. ಬಾಯಿಂದ ಕ್ಯಾಮೆರಾ ನಳಿಗೆ ಇಳಿಸಿ ತೆಗೆದರು, ಇಆರ್‌ಸಿಪಿ ಅಂತಾರೆ. ಎರಡೇ ದಿನಕ್ಕೆ ಮಲದ ಬಣ್ಣ ತಿರುಗಿತು.

ಉತ್ತರ 2
ಕಲ್ಲೇ ಇರಬೇಕು ಅಂತೇನಿಲ್ಲ. ನನ್ನ ಸ್ಕ್ಯಾನಿಂಗ್‌ನಲ್ಲಿ ನಾಳ ಎಲ್ಲೂ ಕಟ್ಟಿರಲಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಮೂಳೆಯಿಂದಲೂ ಏರುತ್ತೆ, ಅದಕ್ಕೇ ಮೂಳೆಯಿಂದ ಏರದ ಜಿಜಿಟಿ ಅನ್ನೋ ಲಿವರ್ ಕಿಣ್ವ ಕೂಡ ನೋಡಿದರು, ಅದೂ ಜಾಸ್ತಿ ಇತ್ತು. ಆಮೇಲೆ ಎಎಂಎ ಅನ್ನೋ ರಕ್ತಪರೀಕ್ಷೆಯಲ್ಲಿ ಗೊತ್ತಾಯ್ತು, ಪಿಬಿಸಿ. ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿ ಬೀಳುವ ಕಾಯಿಲೆ, ನಡುವಯಸ್ಸು ದಾಟಿದ ಹೆಂಗಸರಲ್ಲೇ ಜಾಸ್ತಿ. ಹಾಗಾಗಿ ಸ್ಕ್ಯಾನಿಂಗ್ ನಾರ್ಮಲ್ ಅಂತ ಸುಮ್ನೆ ಬಿಡಬೇಡಿ, ಈ ಪರೀಕ್ಷೆ ಬೇಕಾ ಅಂತ ಕೇಳಿ. ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ದಿನಾ ತಗೊಳ್ತೀನಿ, ಲಿವರ್ ಹಿಡಿತದಲ್ಲಿದೆ. ತುರಿಕೆಗೆ ಮಾತ್ರ ಅದರಿಂದ ಅಷ್ಟೇನೂ ಆರಾಮ ಸಿಗಲಿಲ್ಲ, ಕರುಳಲ್ಲಿ ಪಿತ್ತವನ್ನು ಹಿಡಿದಿಟ್ಟುಕೊಳ್ಳೋ ಕೊಲೆಸ್ಟಿರಮೈನ್ ಪುಡಿ ಕೊಟ್ಟರು. ಆ ಪುಡಿ ಬೇರೆ ಔಷಧಿಯನ್ನೂ ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೆ ಉಳಿದ ಮಾತ್ರೆಗಳನ್ನು ಒಂದು ಗಂಟೆ ಮೊದಲೇ ನುಂಗಬೇಕು, ಇಲ್ಲಾಂದ್ರೆ 4ರಿಂದ 6 ಗಂಟೆ ಬಿಟ್ಟು. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಉತ್ತರ 3
ಒಂದೇ ಮಾತು. ಕಣ್ಣು ಹಳದಿ ಆಗಿ, ಜೊತೆಗೆ ಚಳಿ ಜ್ವರ, ಬಲಪಕ್ಕೆಯ ಕೆಳಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕಟ್ಟಿದ ನಾಳದಲ್ಲಿ ಸೋಂಕು ಆಗಿರಬಹುದು. ನಮ್ಮಣ್ಣನ ವಿಷಯದಲ್ಲಿ ನಾವು ಒಂದು ರಾತ್ರಿ ಕಾದೆವು, ಐಸಿಯುನಲ್ಲಿ ಹನ್ನೊಂದು ದಿನ ಇದ್ದ.

ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನನ್ನು ಈಗ ಕೇಳಿದೆ. ಒಂದು ವಾರದಿಂದ ಮೂತ್ರ ಕಡು ಬಣ್ಣ ಇದೆಯಂತೆ, ಮಗನ ಹತ್ರ ಇದನ್ನೆಲ್ಲ ಹೇಗೆ ಹೇಳೋದು ಅಂತ ಸುಮ್ಮನಿದ್ದರಂತೆ. ಜ್ವರ ಇಲ್ಲ, ನೋವೂ ಇಲ್ಲ. ನಾಳೆ ಬೆಳಗ್ಗೆನೇ ಕರ್ಕೊಂಡು ಹೋಗ್ತೀನಿ.